ಬೆಟ್ಟದಲ್ಲಿ ಡಬ್ಬಿ ಹುಡುಕಾಟ: ಗೆಳೆಯರ ಜತೆ ಒಂದು ದಿನದ ಜಿಯೋಕ್ಯಾಶಿಂಗ್

ಮೊದಲೇ ಒಂದು ಮಾತು. ಬೆಟ್ಟದ ಬುಡದ ಟೀ ಅಂಗಡಿಯಲ್ಲಿ ಯಾರಾದರೂ ‘ಎಲ್ಲಿಗಪ್ಪಾ ಹೊರಟ್ರಿ?’ ಅಂತ ಕೇಳಿದರೆ ‘ನಿಧಿ ಹುಡುಕೋಕೆ’ ಅಂತ ಮಾತ್ರ ಹೇಳಬೇಡಿ.

ನಮ್ಮ ಗುಂಪಿನವನೊಬ್ಬ ಹೇಳಿಬಿಟ್ಟ. ದೊಡ್ಡಬಳ್ಳಾಪುರದ ಕಡೆಯ ಒಂದು ಕಲ್ಲುಬೆಟ್ಟ, ಬೆಳಗ್ಗೆ ಆರೂವರೆ. ಅವನು ತಮಾಷೆಗೆ ಅಂದಿದ್ದು. ಅಂಗಡಿಯ ಅಜ್ಜ ನಗಲಿಲ್ಲ. ನಾವು ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಹಿಂದೆಯೇ ಮೂರು ಜನ ಬಂದರು, ಒಬ್ಬರ ಕೈಯಲ್ಲಿ ದೊಣ್ಣೆ. ‘ಬ್ಯಾಗ್ ತೆಗೀರಿ’ ಅಂದರು. ತೆಗೆದೆವು. ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಮೋಟು ಪೆನ್ಸಿಲ್, ಚಿಕ್ಕ ನೋಟ್‌ಬುಕ್ಕು, ಎರಡು ಗೋಲಿ, ಒಂದು ಕೀ ಚೈನ್. ದೊಣ್ಣೆ ಹಿಡಿದವರು ಡಬ್ಬಿಯನ್ನು ಆಚೆ ಈಚೆ ತಿರುಗಿಸಿ ನೋಡಿ, ‘ಇದಕ್ಕಾ ಬೆಂಗಳೂರಿಂದ ಬಂದಿದ್ದು?’ ಅಂದರು. ಅವರ ಮುಖದಲ್ಲಿ ಸಿಟ್ಟಿಗಿಂತ ಮರುಕ ಜಾಸ್ತಿ ಇತ್ತು.

ಅವರ ಅನುಮಾನ ತಪ್ಪಲ್ಲ. ಹಳೇ ಕೋಟೆ, ಪಾಳು ಗುಡಿ ಇರುವ ನಮ್ಮ ಬೆಟ್ಟಗಳಲ್ಲಿ ನಿಧಿಯಾಸೆಗೆ ನಂದಿ ಕಿತ್ತು ಹಾಕುವವರು, ಗರ್ಭಗುಡಿ ಅಗೆಯುವವರು ಈಗಲೂ ಇದ್ದಾರೆ. ಅಪರಿಚಿತರು ಫೋನ್ ಹಿಡಿದು ಬಂಡೆ ಸಂದಿಯಲ್ಲಿ ಇಣುಕುತ್ತಿದ್ದರೆ ಊರಿನವರು ಸುಮ್ಮನಿರಬೇಕಾ? ಹಾಗಾಗಿ ‘ಡಬ್ಬಿ ಹುಡುಕೋ ಆಟ’ ಅನ್ನಿ. ಆಗ ಯಾರೂ ಹಿಂದೆ ಬರುವುದಿಲ್ಲ. ಬಂದರೆ ಮಕ್ಕಳು ಬರುತ್ತಾರೆ, ನಿಮಗಿಂತ ಬೇಗ ಹುಡುಕಿಕೊಡುತ್ತಾರೆ.

ಇದು ಯಾವ ಆಟ?

ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಜಿಯೋಕ್ಯಾಶಿಂಗ್ ಆ್ಯಪಿನಲ್ಲಿ ಹಾಕಿರುತ್ತಾರೆ. ಅದನ್ನು ಹುಡುಕಿ, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಇದ್ದ ಜಾಗದಲ್ಲೇ ಇಟ್ಟು ಬರಬೇಕು. ಆಟ ಇಷ್ಟೇ.

ಶುರುವಾಗಿದ್ದು ಅಮೆರಿಕದಲ್ಲಿ. ಅಲ್ಲಿಯವರೆಗೆ ಜನಸಾಮಾನ್ಯರ ಜಿಪಿಎಸ್ ಸಿಗ್ನಲನ್ನು ಅಲ್ಲಿನ ಸರ್ಕಾರ ಬೇಕೆಂದೇ ಕೆಡಿಸಿ ಬಿಡುತ್ತಿತ್ತು. 2000ದ ಮೇ 2ರಂದು ಅದನ್ನು ನಿಲ್ಲಿಸಿತು. ನೂರು ಮೀಟರ್‌ವರೆಗೆ ತಪ್ಪು ತೋರಿಸುತ್ತಿದ್ದ ಯಂತ್ರಗಳು ರಾತ್ರೋರಾತ್ರಿ ಹತ್ತಿಪ್ಪತ್ತು ಮೀಟರಿಗೆ ಇಳಿದವು. ಮಾರನೆಯ ದಿನವೇ ಡೇವ್ ಅಲ್ಮರ್ ಎಂಬಾತ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಬಚ್ಚಿಟ್ಟು, ಅದರ ಅಂಕಿಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದ. ಮೂರು ದಿನದೊಳಗೆ ಜನ ಹುಡುಕಿಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋಕ್ಯಾಶಿಂಗ್ ಡಾಟ್ ಕಾಮ್ ಬಂತು.

ಜಾಗ ಆರಿಸುವುದು

ಆ್ಯಪ್ ತೆರೆದ ತಕ್ಷಣ ಒಂದು ಸಣ್ಣ ನಿರಾಸೆ ಕಾದಿರುತ್ತದೆ. ಯುರೋಪಿನಲ್ಲೋ ಅಮೆರಿಕದಲ್ಲೋ ಇರುವ ನಿಮ್ಮ ಅಣ್ಣ ತಮ್ಮಂದಿರಿಗೆ ಮನೆ ಸುತ್ತ ಹತ್ತಾರು ಡಬ್ಬಿ ಕಾಣುತ್ತವೆ. ನಮ್ಮ ಬೆಟ್ಟಗಳಲ್ಲಿ ಒಂದೋ ಎರಡೋ, ಎಷ್ಟೋ ಕಡೆ ಇಲ್ಲವೇ ಇಲ್ಲ. ಚಿಂತೆಯಿಲ್ಲ. ಇಲ್ಲದಿದ್ದರೆ ನಾವೇ ಇಟ್ಟು, ನಾವೇ ಹುಡುಕಿ, ಸಂಜೆ ನಾವೇ ವಾಪಸ್ ತರೋಣ. ನನಗೆ ಹೆಚ್ಚು ಮಜಾ ಕೊಟ್ಟಿರುವುದೂ ಇದೇ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಅನುಮತಿಯ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಸ್ಕಂದಗಿರಿ, ಮಾಕಳಿದುರ್ಗದಂಥ ಚಾರಣಗಳಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿಯಿದೆ. ನಿಯಮ, ಸಮಯ ಬದಲಾಗುತ್ತಿರುತ್ತವೆ, ಹೋಗುವ ವಾರವೇ ನೋಡಿಕೊಳ್ಳಿ. ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಧಾಮದೊಳಗೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ, ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ವನ್ಯಧಾಮ. ಇಂಥ ಕಡೆ ಡಬ್ಬಿ ಇಡುವ ಮಾತೇ ಬೇಡ, ಒಂದು ಗಂಟೆಯ ಮಟ್ಟಿಗೂ ಬೇಡ.

ಅಲ್ಲಿಗೂ ಹೋಗಿ ಆಡಬೇಕು ಅನಿಸಿದರೆ ‘ಅರ್ಥ್‌ಕ್ಯಾಶ್’ ಅಂತ ಒಂದು ಬಗೆ ಇದೆ. ಅದರಲ್ಲಿ ಡಬ್ಬಿಯೇ ಇರುವುದಿಲ್ಲ. ಆ ಜಾಗದ ಕಲ್ಲು ಮಣ್ಣು ನೋಡಿ ಪ್ರಶ್ನೆಗೆ ಉತ್ತರ ಕಳಿಸಬೇಕು. ಅದು ಪಟ್ಟಿಯಲ್ಲಿ ಇಲ್ಲದಿದ್ದರೂ ನೀವೇ ಮಾಡಿಕೊಳ್ಳಬಹುದು. ಸಾವನದುರ್ಗ, ರಾಮನಗರದ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯವು. ಅವಕ್ಕೆ ‘ಕ್ಲೋಸ್‌ಪೇಟೆ ಗ್ರಾನೈಟ್’ ಅಂತಲೇ ಹೆಸರು, ರಾಮನಗರ ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಆಗಿತ್ತಲ್ಲ. ‘ಈ ಬಂಡೆಯಲ್ಲಿ ಎದ್ದು ಕಾಣುವ ನಸುಗೆಂಪು ಹರಳು ನಿನ್ನ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾ, ಚಿಕ್ಕದಾ?’ ಅಂತ ಒಬ್ಬರಿಗೊಬ್ಬರು ಕೇಳಿ ನೋಡಿ. ಆಮೇಲೆ ಎಲ್ಲರೂ ಬಂಡೆಗೆ ಮೂಗು ತಾಗಿಸಿಕೊಂಡೇ ಕೂತಿರುತ್ತಾರೆ.

ನಾವೇ ಡಬ್ಬಿ ಇಟ್ಟು ಆಡಲು ಎಲ್ಲಕ್ಕಿಂತ ಒಳ್ಳೆಯ ಜಾಗ ಗೆಳೆಯರ ಊರಿನ ಗುಡ್ಡ. ಅವರ ಮಾವನದೋ ದೊಡ್ಡಪ್ಪನದೋ ಜಮೀನಿಗೆ ಹೊಂದಿಕೊಂಡಿದ್ದರೆ ಇನ್ನೂ ವಾಸಿ. ಯಜಮಾನರಿಗೆ ಒಂದು ಮಾತು ಕೇಳಿದರಾಯ್ತು. ಮಧ್ಯಾಹ್ನ ಮುದ್ದೆ ಸಾರೂ ಸಿಗಬಹುದು.

ಪಟ್ಟಿಯನ್ನು ಓದುವ ಬಗೆ

ಆ್ಯಪಿನಲ್ಲಿ ಡಬ್ಬಿ ಸಿಕ್ಕಿತು ಅಂದುಕೊಳ್ಳಿ. ಅದಕ್ಕೆ ಎರಡು ಅಂಕ ಕೊಟ್ಟಿರುತ್ತಾರೆ, ಎರಡೂ 1ರಿಂದ 5ರವರೆಗೆ. ಮೊದಲನೆಯದು ಹುಡುಕುವ ಕಷ್ಟ, ಎರಡನೆಯದು ನೆಲದ ಕಷ್ಟ. ನೆಲಕ್ಕೆ 5 ಇದ್ದರೆ ಹಗ್ಗ, ದೋಣಿಯಂಥ ಸಲಕರಣೆ ಬೇಕು ಅಂತ ಅರ್ಥ. ಮೊದಲ ಸಲ ಹೋಗುವವರು ಹುಡುಕುವುದಕ್ಕೆ 2, ನೆಲಕ್ಕೆ 3 ದಾಟಬೇಡಿ. ಡಬ್ಬಿಯ ಗಾತ್ರ ನೋಡಿ. ‘ಮೈಕ್ರೋ’ ಅಂದರೆ ಹೆಬ್ಬೆರಳಿನಷ್ಟು ಇರಬಹುದು. ಬೆಟ್ಟದ ಮೇಲೆ ಅಷ್ಟು ಚಿಕ್ಕದನ್ನು ಹುಡುಕುವುದು ಅಂದರೆ ಕೊಟ್ಟಿಗೆಯಲ್ಲಿ ಮೂಗುತಿ ಹುಡುಕಿದ ಹಾಗೆ.

ಅಂಕಕ್ಕಿಂತ ಮುಖ್ಯ ಕೊನೆಯಲ್ಲಿ ಹೋದವರು ಬರೆದ ಟಿಪ್ಪಣಿ. ಕೊನೆಯ ಮೂರು ಜನ ಸಿಗಲಿಲ್ಲ ಅಂದಿದ್ದರೆ ಡಬ್ಬಿ ಬಹುಶಃ ಇಲ್ಲ. ಮಂಗ ಒಯ್ದಿರಬಹುದು, ಮಳೆಗೆ ಕೊಚ್ಚಿಹೋಗಿರಬಹುದು. ಹೊರಡುವ ಮುಂಚೆ ಇದನ್ನು ನೋಡದೆ ನಾವು ಒಮ್ಮೆ ಮೂರು ಗಂಟೆ ಹತ್ತಿದ್ದೇವೆ. ಹಣ ಕೊಡದ ಖಾತೆಯಲ್ಲಿ ಕೆಲವು ಡಬ್ಬಿಗಳು ಕಾಣುವುದಿಲ್ಲ. ಆದರೆ ಶುರು ಮಾಡಲು ಅದೇ ಸಾಕು.

ಅಂಕಿಗಳಲ್ಲಿ ಆಗುವ ಎಡವಟ್ಟು

ಇಲ್ಲಿ ಸ್ವಲ್ಪ ನಿಧಾನಿಸಿ. ದಾರಿ ತಪ್ಪುವ ಗುಂಪುಗಳಲ್ಲಿ ಅರ್ಧದಷ್ಟು ಮನೆಯಲ್ಲೇ, ಸೋಫಾದ ಮೇಲೆ ಕೂತೇ ತಪ್ಪಿರುತ್ತವೆ.

ಒಂದೇ ಜಾಗವನ್ನು ಮೂರು ಥರ ಬರೆಯಬಹುದು. ಉದಾಹರಣೆಗೆ, ಉತ್ತರ 13 ಡಿಗ್ರಿ 22.300 ನಿಮಿಷ. ಇದನ್ನೇ 13 ಡಿಗ್ರಿ 22 ನಿಮಿಷ 18 ಸೆಕೆಂಡ್ ಅಂತಲೂ, 13.37167 ಡಿಗ್ರಿ ಅಂತಲೂ ಬರೆಯುತ್ತಾರೆ. ಜಿಯೋಕ್ಯಾಶಿಂಗ್ ಬಳಸುವುದು ಮೊದಲನೆಯದನ್ನು, ಡಿಗ್ರಿ ಮತ್ತು ದಶಮಾಂಶದ ನಿಮಿಷ. ನಾವು ದಿನಾ ಬಳಸುವ ಫೋನ್ ಮ್ಯಾಪುಗಳು ಸಾಮಾನ್ಯವಾಗಿ ತೋರಿಸುವುದು ಮೂರನೆಯದನ್ನು.

ಎಡವಟ್ಟು ಹೀಗಾಗುತ್ತದೆ. 22.300 ನೋಡಿದವರು 22 ನಿಮಿಷ 30 ಸೆಕೆಂಡ್ ಅಂತ ಟೈಪ್ ಮಾಡುತ್ತಾರೆ. ನಿಜದಲ್ಲಿ ಅದು 18 ಸೆಕೆಂಡ್. 12 ಸೆಕೆಂಡಿನ ವ್ಯತ್ಯಾಸ ಅಂದರೆ ನೆಲದ ಮೇಲೆ ಸುಮಾರು 370 ಮೀಟರ್. ಬಯಲಿನಲ್ಲಾದರೆ ಐದು ನಿಮಿಷದ ನಡಿಗೆ. ಬೆಟ್ಟದಲ್ಲಿ ನೀವು ಈ ಮಗ್ಗುಲಲ್ಲಿ, ಡಬ್ಬಿ ಆ ಮಗ್ಗುಲಲ್ಲಿ, ನಡುವೆ ಒಂದು ಕಣಿವೆ.

ಹಾಗಾಗಿ ಇಷ್ಟು ಮಾಡಿ. ಅಂಕಿಯನ್ನು ಕೈಯಲ್ಲಿ ಟೈಪ್ ಮಾಡಬೇಡಿ, ಆ್ಯಪಿನಿಂದಲೇ ಮ್ಯಾಪಿಗೆ ಕಳಿಸಿ. ಟೈಪ್ ಮಾಡಲೇಬೇಕು ಅಂದರೆ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಹೊಡೆಯಲಿ, ಆಮೇಲೆ ಹೊಡೆದವರು ವಾಪಸ್ ಓದಲಿ. ಉಪಗ್ರಹದ ಚಿತ್ರದಲ್ಲಿ ಗುರುತು ಎಲ್ಲಿ ಬಿತ್ತು ಅಂತ ನೋಡಿ. ಕೆರೆ ಮಧ್ಯೆ ಬಿದ್ದಿದ್ದರೆ ತಪ್ಪಾಗಿದೆ ಅಂತಲೇ ಅರ್ಥ.

ಹೊರಡುವ ಹಿಂದಿನ ರಾತ್ರಿ ಆ ಪ್ರದೇಶದ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಆರ್ಗ್ಯಾನಿಕ್ ಮ್ಯಾಪ್ಸ್ ಆಗಬಹುದು, ಓಎಸ್‌ಎಂಆ್ಯಂಡ್ ಆಗಬಹುದು. ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಫೋನ್ ಉಪಗ್ರಹದಿಂದ ನೇರವಾಗಿ ಸಿಗ್ನಲ್ ಹಿಡಿಯುತ್ತದೆ. ನೆಟ್ ಇದ್ದರೆ ಮೊದಲ ಸಲ ಬೇಗ ಹಿಡಿಯುತ್ತದೆ, ಅಷ್ಟೇ. ಬೆಟ್ಟದ ಬುಡದಲ್ಲಿ ನೆಟ್ ಇರುವಾಗಲೇ ಮ್ಯಾಪ್ ತೆರೆದು ನೀಲಿ ಚುಕ್ಕಿ ನಿಲ್ಲುವವರೆಗೆ ಕಾಯಿರಿ. ಆಮೇಲೆ ಏರೋಪ್ಲೇನ್ ಮೋಡ್‌ಗೆ ಹಾಕಿ ಹತ್ತಿ. ಟವರ್ ಹುಡುಕುತ್ತಾ ಬ್ಯಾಟರಿ ಮುಗಿಯುವುದು ತಪ್ಪುತ್ತದೆ. ಒಂದಿಬ್ಬರ ಫೋನ್ ಮಾತ್ರ ಕರೆಗೆ ಸಿಗುವಂತೆ ಇರಲಿ.

ಇನ್ನೊಂದು ಎಚ್ಚರಿಕೆ, ವಿದೇಶದಿಂದ ರಜೆಗೆ ಬರುವ ಗೆಳೆಯರಿಗೆ. ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೂಲಕ ಮೆಸೇಜ್ ಕಳಿಸುವ ಯಂತ್ರಗಳನ್ನು ಅನುಮತಿಯಿಲ್ಲದೆ ಭಾರತಕ್ಕೆ ತರುವಂತಿಲ್ಲ. ಅಲ್ಲಿ ಅಂಗಡಿಯಲ್ಲಿ ಸಿಗುತ್ತದೆ ಅಂತ ಬ್ಯಾಗಿಗೆ ಹಾಕಿಕೊಂಡು ಬಂದರೆ ವಿಮಾನ ನಿಲ್ದಾಣದಲ್ಲೇ ಕೇಸಾಗಬಹುದು.

ಬ್ಯಾಗ್ ತುಂಬುವಾಗ

ನಾಲ್ಕರಿಂದ ಆರು ಜನ ಸರಿ. ಹತ್ತಾದರೆ ಜಾತ್ರೆ. ಒಬ್ಬೊಬ್ಬರಿಗೂ ಕನಿಷ್ಠ ಎರಡೂವರೆ ಲೀಟರ್ ನೀರು. ಕಲ್ಲುಬೆಟ್ಟದಲ್ಲಿ ಹತ್ತೂವರೆಗೆಲ್ಲ ಬಂಡೆ ಕಾದ ಹೆಂಚಾಗಿರುತ್ತದೆ. ಚಪಾತಿಗೆ ಚಟ್ನಿಪುಡಿ ತುಪ್ಪ ಸವರಿ ಸುರುಳಿ ಸುತ್ತಿಕೊಳ್ಳಿ, ಸೌತೆಕಾಯಿ, ಹುರಿದ ಕಡಲೇಕಾಯಿ, ಓಆರ್‌ಎಸ್ ಪೊಟ್ಟಣ ಇರಲಿ. ಚಿತ್ರಾನ್ನ ರುಚಿ ಹೌದು, ಆದರೆ ಡಬ್ಬ ತೆಗೆದ ತಕ್ಷಣ ಮಂಗಗಳ ಸಭೆ ಸೇರುತ್ತದೆ.

ಆಟಕ್ಕೆ ಅಂತ ಬೇಕಾಗುವುದು ಕಡಿಮೆ. ಪೆನ್ಸಿಲ್ ಒಯ್ಯಿರಿ, ಒದ್ದೆ ಕಾಗದದ ಮೇಲೆ ಪೆನ್ನು ಬರೆಯುವುದಿಲ್ಲ. ತಲೆಗೆ ಕಟ್ಟುವ ಟಾರ್ಚ್ ಬೇಕು, ಸಂದಿ ನೋಡೋಕೆ. ದಪ್ಪ ಕೈಗವಸು, ಮೊಣಕೈ ಉದ್ದದ ಒಂದು ಕೋಲು, ಪವರ್ ಬ್ಯಾಂಕ್, ಕ್ರೇಪ್ ಬ್ಯಾಂಡೇಜ್. ಬದಲಾಯಿಸಿಕೊಳ್ಳಲು ನಾಲ್ಕೈದು ಚಿಲ್ಲರೆ ಸಾಮಾನು: ಗೋಲಿ, ಬುಗುರಿ, ಚನ್ನಪಟ್ಟಣದ ಪುಟ್ಟ ಗೊಂಬೆ. ಹೊರದೇಶದವರು ಇಟ್ಟ ಡಬ್ಬಿಯಲ್ಲಿ ಚನ್ನಪಟ್ಟಣದ ಗೊಂಬೆ ಬಿಟ್ಟು ಬರುವುದು ನಮ್ಮ ಗುಂಪಿನ ಪದ್ಧತಿ.

ಹತ್ತುವಾಗ

ಸೂರ್ಯ ಹುಟ್ಟುವ ಹೊತ್ತಿಗೆ ಬುಡದಲ್ಲಿರಿ. ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಬಂಡೆ ಸಾಬೂನಿನಂತಿರುತ್ತದೆ, ಮಲೆನಾಡಿನ ಕಡೆ ಜಿಗಣೆ ಬೇರೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿಯ ಭಯ.

ಆ್ಯಪಿನ ಬಾಣ ತೋರಿಸುವುದು ನೇರ ಗೆರೆ, ಕಾಗೆ ಹಾರುವ ದಾರಿ. ನಿಮಗೆ ರೆಕ್ಕೆ ಇಲ್ಲ. ‘ಇನ್ನು 180 ಮೀಟರ್’ ಅಂತ ನೋಡಿ ಕಾಲುದಾರಿ ಬಿಟ್ಟು ಪೊದೆಗೆ ನುಗ್ಗುವುದು ಹೊಸಬರೆಲ್ಲ ಮಾಡುವ ತಪ್ಪು. ದಾರಿಯಲ್ಲೇ ನಡೆಯಿರಿ, ದೂರ ಸ್ವಲ್ಪ ಹೆಚ್ಚಾದರೂ ಗಾಬರಿಯಾಗಬೇಡಿ. ಇಟ್ಟವರೂ ಮನುಷ್ಯರೇ, ಅವರೂ ದಾರಿ ಹಿಡಿದೇ ಬಂದಿರುತ್ತಾರೆ. ಅಂಕಿ ಕಡಿಮೆಯಾಗುತ್ತಾ ಬಂದು ಮತ್ತೆ ಹೆಚ್ಚಾಗಲು ಶುರುವಾದ ಜಾಗದಲ್ಲಿ ನಿಂತು, ಅಲ್ಲಿಂದ ಸಣ್ಣ ಕವಲು ಇದೆಯಾ ನೋಡಿ. ಸಾಮಾನ್ಯವಾಗಿ ಇರುತ್ತದೆ.

ಕೊನೆಯ ಹತ್ತು ಹೆಜ್ಜೆ

ಇದೇ ಆಟದ ಜೀವ. ಫೋನ್ ನಿಮ್ಮನ್ನು ಹತ್ತು ಹೆಜ್ಜೆ ದೂರಕ್ಕೆ ತಂದು ಬಿಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ತೆರೆದ ಆಕಾಶದ ಕೆಳಗೆ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುವ ಫೋನು, ದೊಡ್ಡ ಬಂಡೆಯ ಪಕ್ಕ ಇಪ್ಪತ್ತು ಮೀಟರ್ ತಪ್ಪಬಹುದು. ಸಿಗ್ನಲ್ ಬಂಡೆಗೆ ಬಡಿದು ಸುತ್ತಿ ಬರುವುದರಿಂದ ಹೀಗೆ. ಬಾಣ ಗಿರಗಿರ ತಿರುಗುತ್ತದೆ, ಅದರ ಹಿಂದೆ ಆರು ಜನ ಗಿರಗಿರ ತಿರುಗುತ್ತಾರೆ. ಫೋನ್ ಜೇಬಿಗೆ ಹಾಕಿ.

ಈಗ ಸುಮ್ನೆ ಒಂದು ನಿಮಿಷ ನಿಂತು ಕೇಳಿಕೊಳ್ಳಿ: ನಾನಾಗಿದ್ದರೆ ಎಲ್ಲಿಡುತ್ತಿದ್ದೆ? ಮಳೆ ನೀರು ಹರಿಯುವ ಕಡೆ ಇಡುತ್ತಿರಲಿಲ್ಲ. ದಾರಿಯಿಂದ ಕಾಣುವ ಕಡೆಯೂ ಇಡುತ್ತಿರಲಿಲ್ಲ. ಸೊಂಟದ ಎತ್ತರದ ಸಂದು, ಮರದ ಬುಡದ ಪೊಟರೆ, ಎರಡು ಬಂಡೆ ಸೇರುವ ಮೂಲೆ, ಇವು ಮೊದಲ ಆಯ್ಕೆ. ಆಮೇಲೆ ಹೊಂದದ್ದನ್ನು ಹುಡುಕಿ. ಕಲ್ಲುಬೆಟ್ಟದಲ್ಲಿ ಮೇಲ್ಮೈ ಬಿಸಿಲಿಗೆ ಕಪ್ಪಾದ ಕಲ್ಲುಗಳ ನಡುವೆ ಒಂದು ಕಲ್ಲಿನ ಬಿಳಿ ಹೊಟ್ಟೆ ಮೇಲಾಗಿದ್ದರೆ ಅದನ್ನು ಯಾರೋ ತಿರುಗಿಸಿದ್ದಾರೆ ಅಂತ. ಮೂರು ಕಡ್ಡಿ ಅಕ್ಕಪಕ್ಕ ನೇರವಾಗಿ ಬಿದ್ದಿದ್ದರೆ ಅವು ತಾವಾಗಿ ಬಿದ್ದಿಲ್ಲ. ನಾನು ನೋಡಿದ ಒಂದು ಡಬ್ಬಿಯ ಮುಂದೆ ಅಂಗೈ ಅಗಲದ ಚಪ್ಪಟೆ ಕಲ್ಲು ಬಾಗಿಲಿನಂತೆ ನಿಂತಿತ್ತು. ಪಕ್ಕದ ಕಲ್ಲುಗಳ ಮೇಲೆಲ್ಲ ಬೂದು ಕಲೆಯಂಥ ಕಲ್ಲುಹೂವು, ಇದರ ಮೇಲೆ ಮಾತ್ರ ಇಲ್ಲ. ನಾಲ್ಕು ಸಲ ಅದರ ಮುಂದೆಯೇ ಓಡಾಡಿದ್ದೆವು.

ಸಂದಿಗೆ ಕೈ ಹಾಕಬೇಡಿ. ಇದಕ್ಕೆ ವಿನಾಯಿತಿಯೇ ಇಲ್ಲ. ಮೊದಲು ಟಾರ್ಚ್, ಆಮೇಲೆ ಕೋಲು, ಕೊನೆಗೆ ಗವಸು ಹಾಕಿದ ಕೈ. ಚೇಳಿಗೂ ಹಾವಿಗೂ ಅಂಥದ್ದೇ ಸಂದು ಇಷ್ಟ. ಕಲ್ಲು ಎತ್ತುವಾಗ ಆಚೆ ಬದಿಯನ್ನು ಹಿಡಿದು ನಿಮ್ಮ ಕಡೆಗೆ ಎತ್ತಿ. ಒಳಗಿದ್ದದ್ದು ಆಚೆಗೆ ಓಡುತ್ತದೆ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿ. ಗುಡಿ, ಕೋಟೆಗೋಡೆ, ವೀರಗಲ್ಲು, ನಾಗರಕಲ್ಲಿನ ಹತ್ತಿರ ಹುಡುಕಲೇಬೇಡಿ.

ಆಟ ಗೊತ್ತಿಲ್ಲದ ಹೊರಗಿನವರನ್ನು ಈ ಆಟದವರು ‘ಮಗಲ್’ ಅನ್ನುತ್ತಾರೆ. ಮಗಲ್ ಇದ್ದಾಗ ಡಬ್ಬಿ ತೆಗೆಯಬಾರದು, ಜಾಗ ಬಯಲಾಗುತ್ತದೆ. ನಮ್ಮ ಗುಂಪಿನಲ್ಲಿ ಎಲ್ಲರೂ ಎಲ್ಲರಿಗೂ ‘ಮಗಾ’ ಅನ್ನುವುದರಿಂದ ‘ಮಗಾ, ಮಗಲ್ ಬಂದ’ ಅಂದಾಗಲೆಲ್ಲ ಒಬ್ಬರಾದರೂ ನಗುತ್ತಾರೆ, ಗುಟ್ಟು ರಟ್ಟಾಗುತ್ತದೆ. ಜನ ಬಂದರೆ ನೀರು ಕುಡಿಯುವ ನೆಪದಲ್ಲಿ ಕೂತುಬಿಡಿ.

ಸಿಕ್ಕ ಮೇಲೆ ಪುಸ್ತಕದಲ್ಲಿ ತಾರೀಖು, ಹೆಸರು ಬರೆಯಿರಿ. ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದನ್ನೋ ಹೆಚ್ಚಿನದ್ದನ್ನೋ ಇಡಿ. ನಂಬರ್ ಕೊರೆದ ಲೋಹದ ಬಿಲ್ಲೆ ಸಿಕ್ಕರೆ ಅದು ‘ಟ್ರಾವೆಲ್ ಬಗ್’, ಡಬ್ಬಿಯಿಂದ ಡಬ್ಬಿಗೆ ಊರೂರು ಸುತ್ತುವ ವಸ್ತು. ಒಯ್ದರೆ ಮುಂದಿನ ಡಬ್ಬಿಗೆ ಹಾಕಬೇಕು, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ತಿಂಡಿಯಾಗಲಿ ಬೆಂಕಿಪೊಟ್ಟಣವಾಗಲಿ ಡಬ್ಬಿಗೆ ಹಾಕಬೇಡಿ. ಮುಚ್ಚಳದ ನಾಲ್ಕೂ ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ.

ಡಬ್ಬಿಯೇ ಇಲ್ಲದ ಬೆಟ್ಟದಲ್ಲಿ

ಎರಡು ತಂಡ ಮಾಡಿಕೊಳ್ಳಿ. ಬಿಗಿ ಮುಚ್ಚಳದ ಐದು ಪ್ಲಾಸ್ಟಿಕ್ ಡಬ್ಬಿ ಸಾಕು. ಪ್ರತಿಯೊಂದರ ಮೇಲೂ ‘ಆಟದ ಡಬ್ಬಿ, ಸಂಜೆ ತೆಗೆಯುತ್ತೇವೆ’ ಅಂತ ಕನ್ನಡದಲ್ಲಿ ಬರೆದು ಒಂದು ಫೋನ್ ನಂಬರ್ ಹಾಕಿ. ಯಾರದೋ ಕೈಗೆ ಸಿಕ್ಕು ಗಾಬರಿಯಾಗಬಾರದು ನೋಡಿ. ಮೊದಲ ತಂಡ ಒಂದು ಗಂಟೆ ಮುಂಚೆ ಹತ್ತಿ ಇಡುತ್ತಾ ಹೋಗಲಿ. ನೆಲ ಅಗೆಯುವಂತಿಲ್ಲ, ಕೊಂಬೆ ಮುರಿಯುವಂತಿಲ್ಲ. ಅಧಿಕೃತ ಆಟದಲ್ಲಿ ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಇರಬೇಕು ಅಂತ ನಿಯಮ. ಅದನ್ನೇ ಪಾಲಿಸಿ, ಗೊಂದಲ ಕಡಿಮೆ.

ಇಟ್ಟ ಮೇಲೆ ಅಂಕಿ ತೆಗೆದುಕೊಳ್ಳುವುದರಲ್ಲಿ ಅವಸರ ಬೇಡ. ಫೋನನ್ನು ಡಬ್ಬಿಯ ಮೇಲೆ ಎರಡು ನಿಮಿಷ ಇಡಿ, ಬರೆದುಕೊಳ್ಳಿ. ಇಪ್ಪತ್ತು ಹೆಜ್ಜೆ ದೂರ ಹೋಗಿ ಬನ್ನಿ, ಮತ್ತೆ ಇಡಿ, ಬರೆದುಕೊಳ್ಳಿ. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ನಿಮಿಷದ ದಶಮಾಂಶದ ಮೂರನೇ ಅಂಕಿ ಒಂದು ಬದಲಾದರೆ ನೆಲದ ಮೇಲೆ ಹೆಚ್ಚುಕಡಿಮೆ ಎರಡು ಮೀಟರ್. ಮೂರು ಓದಿನಲ್ಲಿ ಹತ್ತು ಹನ್ನೆರಡು ಅಂಕಿ ವ್ಯತ್ಯಾಸ ಬಂದರೆ ಜಾಗವೇ ಸರಿಯಿಲ್ಲ, ಬಂಡೆಯಿಂದ ಈಚೆಗೆ ತನ್ನಿ. ಡಬ್ಬಿ ಕಾಣುವಂತೆ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಸಂಜೆ ಇಟ್ಟವರಿಗೇ ಜಾಗ ಮರೆತಿರುತ್ತದೆ.

ಸುಳಿವು ಕೊಡುವುದರಲ್ಲೇ ಮಜಾ. ‘ಬಂಡೆಯ ಹಿಂದೆ’ ಅಂದರೆ ಏನು ಬಂತು, ಬೆಟ್ಟ ತುಂಬಾ ಬಂಡೆಯೇ. ಒಗಟಿನ ಥರ ಕೊಡಿ. ನಮ್ಮವಳೊಬ್ಬಳು ಒಮ್ಮೆ ‘ಹೊಟ್ಟೆ ಬಿರಿದರೂ ಎಮ್ಮೆ ಎದ್ದಿಲ್ಲ’ ಅಂತ ಕೊಟ್ಟಿದ್ದಳು. ಮುಕ್ಕಾಲು ಗಂಟೆ ಒದ್ದಾಡಿದ ಮೇಲೆ ಗೊತ್ತಾಗಿದ್ದು, ನಾವು ಬುತ್ತಿ ಬಿಚ್ಚಿ ಕೂತಿದ್ದ ಕರೀ ಬಂಡೆಯೇ ಆ ಎಮ್ಮೆ, ಅದರ ಬಿರುಕಿನಲ್ಲಿತ್ತು ಡಬ್ಬಿ.

ಜೇನು, ಕರಡಿ, ಮತ್ತೆ ಹೊತ್ತು

ನಮ್ಮ ಕಲ್ಲುಬೆಟ್ಟಗಳಲ್ಲಿ ನನಗೆ ಹಾವಿಗಿಂತ ಹೆಜ್ಜೇನಿನ ಭಯ ಜಾಸ್ತಿ. ಬಂಡೆಯ ಚಾಚಿನ ಕೆಳಗೆ ಅರ್ಧಚಂದ್ರದಂತೆ ಕಪ್ಪಗೆ ತೂಗುತ್ತಿದ್ದರೆ ಆ ಕಡೆಯ ಡಬ್ಬಿಯ ಆಸೆ ಬಿಡಿ. ಸೆಂಟ್ ಹಾಕಬೇಡಿ, ಹೊಗೆ ಬೇಡ, ಡ್ರೋನ್ ಬೇಡ, ಕೂಗಾಟ ಬೇಡ. ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಜಾಗ ಖಾಲಿ ಮಾಡಿ. ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ.

ಸಾವನದುರ್ಗ, ರಾಮನಗರದ ಸುತ್ತ ಕರಡಿ, ಚಿರತೆ ಇವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಗವಿಯೊಳಗೆ ಇಣುಕಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಏನೂ ಬೇಡ. ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಿ, 108ಕ್ಕೆ ಕರೆ ಮಾಡಿ. ಗುಡುಗು ಕೇಳಿದರೆ ತುದಿಯಲ್ಲಿ ಸೆಲ್ಫಿಗೆ ನಿಲ್ಲದೆ ಇಳಿಯಿರಿ.

ಮಧ್ಯಾಹ್ನ ಮೂರಕ್ಕೆ ಹುಡುಕಾಟ ನಿಲ್ಲಿಸಬೇಕು, ಡಬ್ಬಿ ಸಿಗಲಿ ಬಿಡಲಿ. ‘ಇನ್ನೊಂದು ಐದು ನಿಮಿಷ ಮಗಾ’ ಅನ್ನುವವನು ಎಲ್ಲ ಗುಂಪಿನಲ್ಲೂ ಇರುತ್ತಾನೆ. ಅವನ ಕೈಗೇ ಗಡಿಯಾರ ಕೊಟ್ಟು ಹೊತ್ತು ನೋಡುವ ಕೆಲಸ ಒಪ್ಪಿಸಿ, ಸರಿಹೋಗುತ್ತಾನೆ.

ಇಳಿದ ಮೇಲೆ

ಮನೆಗೆ ಬಂದು ಆ್ಯಪಿನಲ್ಲಿ ಬರೆಯಿರಿ. ಸಿಕ್ಕಿದ್ದನ್ನೂ, ಸಿಗದಿದ್ದನ್ನೂ. ಸಿಗಲಿಲ್ಲ ಅಂತ ಬರೆಯುವುದರಲ್ಲಿ ನಾಚಿಕೆ ಏನೂ ಇಲ್ಲ, ಇಟ್ಟವರಿಗೆ ಡಬ್ಬಿ ಹೋಗಿರಬಹುದು ಅಂತ ತಿಳಿಯುವುದೇ ಅದರಿಂದ. ಜಾಗದ ಗುಟ್ಟು ಬಯಲಾಗುವ ಫೋಟೋ ಮಾತ್ರ ಹಾಕಬೇಡಿ.

ನೀವೇ ಇಟ್ಟ ಡಬ್ಬಿಗಳಾದರೆ ಗಾಡಿ ಹತ್ತುವ ಮುಂಚೆ ಎಣಿಸಿ. ಐದು ಇಟ್ಟಿದ್ದರೆ ಐದೂ ಬಂದಿರಬೇಕು. ಒಮ್ಮೆ ನಮಗೆ ನಾಲ್ಕೇ ಸಿಕ್ಕವು. ಫೋಟೋ ನೋಡಿಕೊಂಡು ಇಬ್ಬರು ಮತ್ತೆ ಹತ್ತಿದರು. ಸಂದು ಖಾಲಿ. ಸ್ವಲ್ಪ ಮೇಲೆ ಅತ್ತಿಮರದ ಕೊಂಬೆಯಲ್ಲಿ ಒಂದು ಮಂಗ ಡಬ್ಬಿಯ ಮುಚ್ಚಳ ನೆಕ್ಕುತ್ತಾ ಕೂತಿತ್ತು. ಹಿಂದಿನ ದಿನ ಅದೇ ಡಬ್ಬಿಯಲ್ಲಿ ಯಾರೋ ಮಿಕ್ಸ್ಚರ್ ತಂದಿದ್ದರಂತೆ, ತೊಳೆದಿರಲಿಲ್ಲ. ಅರ್ಧ ಗಂಟೆ ಕಾದ ಮೇಲೆ ಬೇಸರವಾಗಿ ಮುಚ್ಚಳ ಕೆಳಗೆ ಎಸೆಯಿತು. ನೋಟ್‌ಬುಕ್ಕಿನ ಅರ್ಧ ಹಾಳೆ ಸಿಕ್ಕಿತು. ಪೆನ್ಸಿಲ್ ಇನ್ನೂ ಅದರ ಹತ್ತಿರವೇ ಇದೆ.